ಪಾರ್ಕಿನ್ಸನ್ ಕಾಯಿಲೆಯವರ ಸೊಂಟನೋವಿನ ಚಿಕಿತ್ಸೆ ಕುರಿತು ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಪಾರ್ಕಿನ್ಸನ್ ಕಾಯಿಲೆಯವರ ಸೊಂಟನೋವಿಗೆ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸರಿಯಾದ ತಪಾಸಣೆ ಮತ್ತು ಫಿಸಿಯೊಥೆರಪಿ ಒದಗಿಸುವ ಬಗ್ಗೆ.

ಮಾನ್ಯರೇ,

ಪಾರ್ಕಿನ್ಸನ್ ಎಂದರೆ ಕೈ ನಡುಗುವ ಕಾಯಿಲೆ ಎಂದಷ್ಟೇ ಜನ ತಿಳಿದಿದ್ದಾರೆ. ಮನೆಯಲ್ಲಿ ನೋಡಿಕೊಳ್ಳುವ ನಮ್ಮನ್ನು ನಡುಕಕ್ಕಿಂತ ಹೆಚ್ಚು ಹೈರಾಣು ಮಾಡಿರುವುದು ಸೊಂಟನೋವು. ಸ್ನಾಯುಗಳ ಬಿಗಿತ, ಮುಂದಕ್ಕೆ ಬಾಗಿದ ಇಲ್ಲವೇ ಒಂದು ಪಕ್ಕಕ್ಕೆ ವಾಲಿದ ಮೈ, ಈ ಕಾಯಿಲೆಗೆ ಕೊಡುವ ಲೆವೊಡೋಪ ಮಾತ್ರೆಯ ಪವರ್ ಇಳಿದಾಗ ಸೆಟೆದುಕೊಳ್ಳುವ ಬೆನ್ನು, ಹೀಗೆ ಕಾರಣಗಳು ಹಲವು. ಬಿದ್ದು ಬೆನ್ನುಮೂಳೆ ಮುರಿದಿರುವುದೂ ಉಂಟು. ಸಿಗುವ ಉತ್ತರ ಮಾತ್ರ ಒಂದೇ: “ವಯಸ್ಸಾಯ್ತಲ್ಲ, ಸವೆತ.”

ನಮ್ಮಲ್ಲೊಬ್ಬರ ತಂದೆಯವರು ನಿಂತರೆ ಮುಖ ನೆಲಕ್ಕಾಗುವಷ್ಟು ಬಾಗುತ್ತಾರೆ. ಮಲಗಿಸಿದರೆ ಬೆನ್ನು ನೆಟ್ಟಗಾಗುತ್ತದೆ. ಎಕ್ಸ್‌ರೇ ತೆಗೆದದ್ದು ಮಲಗಿಸಿಯೇ. ಫಿಲ್ಮಿನಲ್ಲಿ ಬಾಗು ಕಾಣಲಿಲ್ಲ. ನೋವಿನ ಮಾತ್ರೆ, ಬೆಲ್ಟು ಬರೆದು ಕಳಿಸಿದರು. ಬೆಳಗಿನ ಲೆವೊಡೋಪ ನುಂಗಿ ಮುಕ್ಕಾಲು ಗಂಟೆಗೆ ನೋವು ತಗ್ಗುತ್ತಿತ್ತು, ಮುಂದಿನ ಡೋಸ್ ಹತ್ತಿರವಾದಂತೆ ಮತ್ತೆ ಹಿಡಿಯುತ್ತಿತ್ತು. ಎಷ್ಟು ಹೊತ್ತಿಗೆ ನೋಯುತ್ತದೆ ಎಂದು ಯಾರೂ ಕೇಳಲಿಲ್ಲ.

ನಮ್ಮ ಮೊದಲ ಬೇಡಿಕೆಗೆ ಬಜೆಟ್ ಬೇಕಿಲ್ಲ. ಈ ಕಾಯಿಲೆಯವರು ಬೆನ್ನುನೋವೆಂದು ಬಂದರೆ ಹೊರರೋಗಿ ಚೀಟಿಯಲ್ಲಿ ಮಾತ್ರೆಯ ಹೊತ್ತು, ನೋವಿನ ಹೊತ್ತು ಎರಡನ್ನೂ ಬರೆಯಬೇಕು; ನಿಲ್ಲಿಸಿಯೂ ನೋಡಬೇಕು, ಮಲಗಿಸಿಯೂ ನೋಡಬೇಕು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಇವರಲ್ಲಿ ಹೆಚ್ಚು ತೊಡಕಾಗುತ್ತದೆ. ಹಾಗಾಗಿ ಅದನ್ನು ಸೂಚಿಸುವ ಮುನ್ನ ನರರೋಗ ತಜ್ಞರ ಅಭಿಪ್ರಾಯ ಕಡ್ಡಾಯವಾಗಲಿ. ಇದಕ್ಕೆ ಹೊಸ ವ್ಯವಸ್ಥೆ ಕಟ್ಟಬೇಕಿಲ್ಲ, ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಆಗಲೇ ಇದೆ.

ಔಷಧ ವಿತರಣೆಯಲ್ಲೂ ಎಚ್ಚರ ಬೇಕು. ಪಾರ್ಕಿನ್ಸನ್‌ಗೆ ರಸಾಜಿಲಿನ್ ತೆಗೆದುಕೊಳ್ಳುವವರಿಗೆ ನೋವಿನ ಮಾತ್ರೆಯಾದ ಟ್ರಮಡಾಲ್ ಅಪಾಯಕಾರಿ. ನೋವಿನ ಮಾತ್ರೆಯಿಂದ ವಾಕರಿಕೆ ಬಂತೆಂದು ಕೊಡುವ ಮೆಟೊಕ್ಲೊಪ್ರಮೈಡ್ ಪಾರ್ಕಿನ್ಸನ್ ಲಕ್ಷಣಗಳನ್ನೇ ಹೆಚ್ಚಿಸುತ್ತದೆ. ಈ ಎಚ್ಚರಿಕೆಯನ್ನು ಕನ್ನಡದಲ್ಲಿ ಔಷಧಾಲಯದ ಕಿಟಕಿಗೆ ಅಂಟಿಸಲಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನವಾದರೂ ಫಿಸಿಯೊಥೆರಪಿಸ್ಟ್ ಸಿಗಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಕುರ್ಚಿಯಿಂದ ಏಳುವುದು ಹೇಗೆಂದು ನೋಡಿಕೊಳ್ಳುವವರಿಗೂ ಕಲಿಸಬೇಕು. ಎತ್ತಿ ಎತ್ತಿ ನಮ್ಮ ಸೊಂಟವೂ ಹೋಗಿದೆ.

ಕೊನೆಯದಾಗಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಸೇರಿದೆ. ಆದರೆ ಪ್ರಮಾಣಪತ್ರಕ್ಕೆಂದು ಬರುವ ದಿನ ಮಾತ್ರೆ ನುಂಗಿಯೇ ಬರಬೇಕು, ಇಲ್ಲದಿದ್ದರೆ ಬಸ್ಸು ಹತ್ತಲಾಗದು. ವೈದ್ಯಕೀಯ ಮಂಡಳಿಗೆ ಕಾಣುವುದು ಆ ಒಂದು ಗಂಟೆಯ ನಡಿಗೆ. ಪವರ್ ಇಳಿದ ಹೊತ್ತಿನ ಸ್ಥಿತಿಯನ್ನೂ ನೋವನ್ನೂ ಲೆಕ್ಕಕ್ಕೆ ಹಿಡಿದೇ ಶೇಕಡಾವಾರು ನಿಗದಿಯಾಗಬೇಕು. ಶೇ 40ರ ಗಡಿ ಮುಟ್ಟದಿದ್ದರೆ ಸೌಲಭ್ಯಗಳು ಕೈತಪ್ಪುತ್ತವೆ.

ಈ ಬಗ್ಗೆ ಸುತ್ತೋಲೆ ಹೊರಡಿಸಿ, ಅದರ ಪ್ರತಿಯನ್ನು ನಮಗೂ ಕಳುಹಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
ಪಾರ್ಕಿನ್ಸನ್ ಕಾಯಿಲೆಯವರು ಮತ್ತು ಅವರ ಮನೆಯವರು
(ಸಹಿಗಳನ್ನು ಲಗತ್ತಿಸಿದೆ)