ಒಂದು ಪ್ರತ್ಯಯ ಬದಲಾದರೆ ಸುದ್ದಿಯೇ ಆಜ್ಞೆ! ಟರ್ಕಿಶ್ ವ್ಯಾಕರಣದ ಒಂದು ಪರಿಚಯ

ಟರ್ಕಿಶ್ ಭಾಷೆಯ ಬಗ್ಗೆ ಎರಡು ಮಾತು ಆಗಾಗ ಕೇಳಿಬರುತ್ತವೆ. ಒಂದು, ಉದ್ದುದ್ದ ಪದಗಳಿರುವುದರಿಂದ ಅದು ಬಹಳ ಕಷ್ಟದ ಭಾಷೆ. ಇನ್ನೊಂದು, ಅದರ ವ್ಯಾಕರಣ ಕನ್ನಡ, ತಮಿಳುಗಳನ್ನು ಹೋಲುವುದರಿಂದ ಇವೆಲ್ಲ ಒಂದೇ ಮೂಲದವು. ಇವು ಎಷ್ಟು ನಿಜ? ಟರ್ಕಿಶ್‌ನ ನಾಮ ಉಪವಾಕ್ಯಗಳನ್ನು ಬಿಡಿಸಿ ನೋಡೋಣ.

ನಾಮ ಉಪವಾಕ್ಯ ಎಂದರೇನು?

'ಅಲಿ ಬಂದದ್ದು ನನಗೆ ಗೊತ್ತು' ಎನ್ನುತ್ತೇವೆ. ಇಲ್ಲಿ 'ಅಲಿ ಬಂದದ್ದು' ಒಂದು ಇಡೀ ಘಟನೆ. ಆದರೂ ಅದು ನಾಮಪದದ ಜಾಗದಲ್ಲಿ ಕೂತಿದೆ. ಬಂದದ್ದನ್ನು, ಬಂದದ್ದಕ್ಕೆ, ಬಂದದ್ದರಿಂದ ಎಂದು ವಿಭಕ್ತಿಯನ್ನೂ ಪಡೆಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸಾಮಾನ್ಯವಾಗಿ 'ದಟ್' ಎಂಬ ಕೊಂಡಿ ಬಳಸುತ್ತಾರೆ. ಕನ್ನಡಕ್ಕೆ ಪ್ರತ್ಯಯ ಸಾಕು, ಟರ್ಕಿಶ್‌ಗೂ ಅಷ್ಟೇ.

ಟರ್ಕಿಶ್‌ನಲ್ಲಿ 'ಗೆಲ್' ಎಂದರೆ ಬರು. ಅದಕ್ಕೆ 'ದಿಕ್' ಸೇರಿದರೆ ಕ್ರಿಯೆ ನಾಮಪದವಾಗುತ್ತದೆ. ಮುಂದೆ 'ಅವನ' ಎಂಬರ್ಥದ 'ಇ', ಕೊನೆಗೆ ನಮ್ಮ 'ಅನ್ನು' ಇದ್ದಂತೆ 'ನಿ'. ನಡುವಿನ ಕಕಾರ ಮೃದುವಾಗಿ 'ಗೆಲ್‌ದಿಯಿನಿ' ಎಂದು ಕೇಳಿಸುತ್ತದೆ. ಕರ್ತೃವಿಗೆ ಷಷ್ಠಿ ವಿಭಕ್ತಿ ಬರುವುದರಿಂದ 'ಅಲಿನಿನ್ ಗೆಲ್‌ದಿಯಿನಿ' ಎಂದರೆ ಅಕ್ಷರಶಃ 'ಅಲಿಯ ಬಂದದ್ದನ್ನು'. ನಾವು 'ಅಲಿ ಬಂದದ್ದನ್ನು' ಎನ್ನುತ್ತೇವೆ, ವ್ಯತ್ಯಾಸ ಇಷ್ಟೇ.

ಎಡವುವುದು ಎಲ್ಲಿ?

'ಸೊಯ್‌ಲೆದಿ', ಅಂದರೆ 'ಹೇಳಿದಳು' ಅಥವಾ 'ಹೇಳಿದನು', ಎಂಬ ಕ್ರಿಯಾಪದದ ಮುಂದೆ ಮೂರು ಪ್ರತ್ಯಯಗಳನ್ನು ಇಟ್ಟು ನೋಡಿ:

- ಅಲಿನಿನ್ ಗೆಲ್‌ದಿಯಿನಿ: ಅಲಿ ಬಂದನೆಂದು ಹೇಳಿದಳು.
- ಅಲಿನಿನ್ ಗೆಲೆಜೆಯಿನಿ: ಅಲಿ ಬರಲಿದ್ದಾನೆಂದು ಹೇಳಿದಳು.
- ಅಲಿನಿನ್ ಗೆಲ್‌ಮೆಸಿನಿ: ಅಲಿ ಬರಬೇಕೆಂದು ಹೇಳಿದಳು.

ಮೊದಲೆರಡು ಸುದ್ದಿ, ಮೂರನೆಯದು ಅಪ್ಪಣೆ. 'ದಿಕ್' ಜಾಗದಲ್ಲಿ 'ಮೆ' ಬಂದರೆ ಅರ್ಥವೇ ಬೇರೆ. ಇನ್ನೊಂದು ತೊಡಕೂ ಇದೆ. 'ಗೆಲ್‌ಮೆ' ಎಂಬುದನ್ನು ಕೊನೆಯಲ್ಲಿ ಒತ್ತಿ ಹೇಳಿದರೆ 'ಬರುವುದು'. ಮೊದಲಲ್ಲಿ ಒತ್ತಿದರೆ 'ಬರಬೇಡ'! ಅಂದರೆ ಕಷ್ಟ ಇರುವುದು ಪದದ ಉದ್ದದಲ್ಲಲ್ಲ, ಸರಿಯಾದ ಪ್ರತ್ಯಯವನ್ನು ಆರಿಸುವುದರಲ್ಲಿ.

ಹಾಗಾದರೆ ಕನ್ನಡಕ್ಕೆ ನೆಂಟನೇ?

ಹೋಲಿಕೆ ಇನ್ನೂ ಇದೆ. ನಮ್ಮ 'ಎಂದು' ಹುಟ್ಟಿದ್ದು 'ಎನ್ನು' ಕ್ರಿಯಾಪದದಿಂದ. ಅದೇ ಕೆಲಸ ಮಾಡುವ ಟರ್ಕಿಶ್‌ನ 'ದಿಯೆ' ಕೂಡ 'ಹೇಳು' ಎಂಬರ್ಥದ ಧಾತುವಿನಿಂದಲೇ ಬಂದಿದೆ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಕೂಡ ದ್ರಾವಿಡ ಭಾಷೆಗಳನ್ನು 'ಸಿಥಿಯನ್' ಎಂದು ಕರೆದ ಗುಂಪಿನೊಂದಿಗೆ ಜೋಡಿಸಲು ನೋಡಿದ್ದರು.

ಆದರೆ ಭಾಷೆಗಳ ನೆಂಟಸ್ತನವನ್ನು ವಾಕ್ಯದ ಕಟ್ಟಡವೊಂದರಿಂದಲೇ ಅಳೆಯಲಾಗದು. ಮೂಲ ಪದಗಳ ಧ್ವನಿಗಳಲ್ಲಿ ಕ್ರಮಬದ್ಧ ಹೊಂದಾಣಿಕೆ ಇರಬೇಕು. ಕನ್ನಡದ 'ಕಿವಿ' ತಮಿಳಿನಲ್ಲಿ 'ಸೆವಿ', ತೆಲುಗಿನಲ್ಲಿ 'ಚೆವಿ', ಟರ್ಕಿಶ್‌ನಲ್ಲಿ 'ಕುಲಾಕ್'. ಕ್ರಿಯಾಪದವನ್ನು ಕೊನೆಗೆ ಇಡುವ ಜಪಾನಿ ಭಾಷೆಯಲ್ಲೂ ಉಪವಾಕ್ಯ ಮುಖ್ಯ ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ. ಟರ್ಕಿಶ್ ಸೇರಿರುವುದು ಅಜೆರ್ಬೈಜಾನಿ, ಉಜ್ಬೆಕ್, ಕಜಕ್ ಭಾಷೆಗಳ ತುರ್ಕಿಕ್ ಕುಟುಂಬಕ್ಕೆ.

ಹೀಗಾಗಿ ಟರ್ಕಿಶ್ ನಮಗೆ ನೆಂಟನಲ್ಲ. ಆದರೂ ಕಲಿಯಲು ಕೂತ ಕನ್ನಡಿಗರಿಗೆ ಅದರ ದಾರಿ ಅಪರಿಚಿತವೇನಲ್ಲ.