ಆಯಸ್ಸಿನ ಲೆಕ್ಕ ಪಂಚಾಂಗದಲ್ಲಿಲ್ಲ



ಮೂತ್ರಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಿ ಇಡೀ ಮೂತ್ರಕೋಶವನ್ನೇ ತೆಗೆದ ಮೇಲೆ ಮನೆಯವರ ಮನಸ್ಸಿನಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಇನ್ನೆಷ್ಟು ವರ್ಷ? ಇದನ್ನು ಡಾಕ್ಟರ ಮುಂದೆ ಕೇಳಲು ನಾಲಿಗೆ ಏಳದವರು ಜೋಯಿಸರ ಮುಂದೆ ಸಲೀಸಾಗಿ ಕೇಳುತ್ತಾರೆ. ಕೆಲವರು ಮಠಕ್ಕೇ ಬರುತ್ತಾರೆ. "ಬುದ್ಧಿ, ನಮ್ಮ ಯಜಮಾನ್ರಿಗೆ ಆಯಸ್ಸು ಐತಾ, ಒಂದು ಮಾತು ಹೇಳ್ಬುಡಿ" ಎಂದು ಸ್ವಾಮಿಗಳ ಪಾದದ ಬಳಿ ಕೂತವರನ್ನು ನಾನು ಕಂಡಿದ್ದೇನೆ. ನಾನು ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದವನು. ಮಾಗಡಿಯಲ್ಲಿ ಮನೆ. ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗುವವರ ಜೊತೆ ಓಡಾಡುವುದನ್ನು ಕಾಯಕವಾಗಿ ಇಟ್ಟುಕೊಂಡಿದ್ದೇನೆ. ಆ ಓಡಾಟದಿಂದ ಹೇಳುವುದಾದರೆ, ಆ ಪ್ರಶ್ನೆಗೆ ಉತ್ತರವಿದೆ. ಆದರೆ ಅದು ಜಾತಕದಲ್ಲಿಲ್ಲ, ಹಣೆಯಲ್ಲಿಲ್ಲ. ತೆಗೆದ ಮೂತ್ರಕೋಶವನ್ನು ಪರೀಕ್ಷಿಸಿ ಲ್ಯಾಬಿನವರು ಕೊಡುವ ಎರಡು ಪುಟದ ರಿಪೋರ್ಟಿನಲ್ಲಿದೆ. ಅದನ್ನು ಓದಿಸಿಕೊಂಡು ಕೇಳಿಸಿಕೊಳ್ಳುವ ಧೈರ್ಯ ನಮಗಿಲ್ಲ. ಈ ಲೇಖನ ಅದರ ಬಗ್ಗೆ.

ಮೊದಲು ಆ ರಿಪೋರ್ಟಿನಲ್ಲಿ ಏನಿರುತ್ತದೆ ಎಂದು ನೋಡೋಣ. ಮೂತ್ರಕೋಶದ ಗೋಡೆ ಪದರ ಪದರವಾಗಿದೆ. ಒಳಗೆ ತೆಳುವಾದ ಪೊರೆ, ಅದರಾಚೆ ಸಡಿಲ ಪದರ, ಅದರಾಚೆ ಮಾಂಸಖಂಡ, ಹೊರಗೆ ಕೊಬ್ಬು. ಗಡ್ಡೆ ಹುಟ್ಟುವುದು ಸಾಮಾನ್ಯವಾಗಿ ಒಳಪೊರೆಯಲ್ಲಿ. ಅಲ್ಲೇ ಇದ್ದರೆ ಕೆರೆದು ತೆಗೆಯುತ್ತಾರೆ, ಒಳಗೇ ಔಷಧಿ ಬಿಡುತ್ತಾರೆ. ಮಾಂಸಖಂಡಕ್ಕೆ ಬೇರು ಬಿಟ್ಟಿದ್ದರೆ ಇಡೀ ಕೋಶವನ್ನು ತೆಗೆಯುವ ಮಾತು ಬರುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯೂ, ಹೆಂಗಸರಲ್ಲಿ ಬಹಳ ಸಲ ಗರ್ಭಕೋಶವೂ ಜೊತೆಗೆ ಹೋಗುತ್ತದೆ. ಸುತ್ತಲಿನ ದುಗ್ಧರಸ ಗ್ರಂಥಿಗಳನ್ನೂ, ಅಂದರೆ ಡಾಕ್ಟರು ಲಿಂಫ್ ನೋಡ್ ಅನ್ನುವ ಸಣ್ಣ ಗಂಟುಗಳನ್ನೂ, ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಗಂಟು ತೆಗೆದರು, ಅವುಗಳಲ್ಲಿ ಎಷ್ಟರಲ್ಲಿ ರೋಗವಿದೆ, ಕೊಯ್ದ ಅಂಚು ಶುದ್ಧವಾಗಿದೆಯೇ, ಜೀವಕೋಶ ಯಾವ ಜಾತಿಯದು (ಇಲ್ಲಿ ಮಾತ್ರ ಜಾತಿ ಕೇಳುವುದು ತಪ್ಪಲ್ಲ), ಇಷ್ಟು ಸಂಗತಿಗಳಿಂದ ಮುಂದಿನ ಲೆಕ್ಕ ಶುರುವಾಗುತ್ತದೆ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯರು 1971ರಿಂದ 1997ರವರೆಗೆ ಈ ಆಪರೇಷನ್ ಮಾಡಿಸಿಕೊಂಡ 1,054 ಜನರ ಲೆಕ್ಕವನ್ನು 2001ರಲ್ಲಿ ಪ್ರಕಟಿಸಿದರು. ಗಡ್ಡೆ ಮಾಂಸಖಂಡದ ಒಳಭಾಗದಲ್ಲೇ ನಿಂತು ಗಂಟುಗಳಿಗೆ ಹೋಗದೆ ಇದ್ದವರಲ್ಲಿ, ಐದು ವರ್ಷದ ಕೊನೆಗೆ ನೂರಕ್ಕೆ 89 ಜನರಿಗೆ ರೋಗ ಮರುಕಳಿಸಿರಲಿಲ್ಲ. ಗೋಡೆ ದಾಟಿ ಕೊಬ್ಬಿಗೆ ಹೋಗಿದ್ದವರಲ್ಲಿ ಅದು 62. ಗಂಟುಗಳಿಗೆ ಹಬ್ಬಿದ್ದವರಲ್ಲಿ 35. ಒಂದೇ ರೋಗ, ಒಂದೇ ಆಪರೇಷನ್, ಆದರೂ 89 ಎಲ್ಲಿ, 35 ಎಲ್ಲಿ! ಇಂಥ ವ್ಯತ್ಯಾಸವನ್ನು ಯಾವ ಜೋಯಿಸರು ಗ್ರಹ ನೋಡಿ ಹೇಳಿಯಾರು?

ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯಿದೆ. ಗಂಟಿಗೆ ಹಬ್ಬಿದ್ದವರ ಸಂಖ್ಯೆ ಐದನೇ ವರ್ಷಕ್ಕೆ 35 ಅಂದೆನಲ್ಲ, ಹತ್ತನೇ ವರ್ಷಕ್ಕೆ ಅದು 34. ಅಂದರೆ ಐದು ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹತ್ತನ್ನೂ ರೋಗವಿಲ್ಲದೆ ದಾಟಿದರು. ರೋಗ ಮರಳುವುದಾದರೆ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲೇ ಮರಳುತ್ತದೆ. ಆದ್ದರಿಂದ ಆಪರೇಷನ್ ಆದ ವಾರದಲ್ಲಿ ಹೇಳಿದ ಸಂಖ್ಯೆ ಮೂರು ವರ್ಷ ಚೆನ್ನಾಗಿ ಕಳೆದವರಿಗೆ ಅನ್ವಯಿಸುವುದಿಲ್ಲ, ಅವರ ಲೆಕ್ಕ ಬೇರೆ, ಅದು ಹೆಚ್ಚು ಒಳ್ಳೆಯದು. ಹಣೆಬರಹ ಒಮ್ಮೆ ಬರೆದರೆ ಮುಗಿಯಿತು ಅನ್ನುತ್ತಾರೆ. ಈ ಲೆಕ್ಕವನ್ನು ಪ್ರತಿ ತಪಾಸಣೆಯಲ್ಲೂ ಹೊಸದಾಗಿ ಬರೆಯಬೇಕು.

2006ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರದಿಂದ ಒಂದು ಎಣಿಕೆಯ ಪಟ್ಟಿ ಮಾಡಿದವು. ನೊಮೋಗ್ರಾಮ್ ಎನ್ನುತ್ತಾರೆ. ವಯಸ್ಸು, ಗಂಡೋ ಹೆಣ್ಣೋ, ಗಡ್ಡೆಯ ಆಳ, ಜೀವಕೋಶದ ಬಗೆ, ಗಂಟುಗಳ ಸ್ಥಿತಿ ಮುಂತಾದವಕ್ಕೆ ಅಂಕ ಹಾಕಿ ಕೂಡಿದರೆ ಐದು ವರ್ಷದಲ್ಲಿ ರೋಗ ಮರಳುವ ಸಾಧ್ಯತೆ ಸಿಗುತ್ತದೆ. ಆಳವೊಂದನ್ನೇ ನೋಡಿ ಹೇಳುವುದಕ್ಕಿಂತ ಇದು ಹೆಚ್ಚು ನಿಖರ. ಅದರಲ್ಲಿ ಸೇರಿಸಿದ ಇನ್ನೊಂದು ಅಂಶವೆಂದರೆ ರೋಗ ಪತ್ತೆಯಾದ ದಿನದಿಂದ ಆಪರೇಷನ್ ಆಗುವವರೆಗೆ ಕಳೆದ ಕಾಲ. ನಮ್ಮ ಸಮಾಜ ಮುಖ ಎತ್ತಿ ಉತ್ತರ ಕೊಡಬೇಕಾದ್ದು ಈ ಅಂಶಕ್ಕೆ.

ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ ನಮ್ಮ ಕಡೆ ಮೊದಲ ಮಾತು "ಉಷ್ಣ ಆಗಿದೆ". ಎಳನೀರು, ಬಾರ್ಲಿ ನೀರು, ಕಾಮಕಸ್ತೂರಿ ಬೀಜ. ಎರಡು ದಿನಕ್ಕೆ ರಕ್ತ ತಾನಾಗಿ ನಿಲ್ಲುತ್ತದೆ. ಈ ರೋಗದ ಸ್ವಭಾವವೇ ಹಾಗೆ, ಬಂದು ನಿಂತು ಮತ್ತೆ ಬರುವುದು. ಎಳನೀರಿಗೆ ಹೆಸರು ಬರುತ್ತದೆ. ಹೆಣ್ಣುಮಕ್ಕಳಿಗಂತೂ ಸೋಂಕು ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುತ್ತಾರೆ. ಅವರಲ್ಲಿ ರೋಗ ತಡವಾಗಿ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ. ಇದನ್ನು ಅಜ್ಞಾನವೆಂದು ಬಿಡಬಹುದು. ಆದರೆ ಬಯಾಪ್ಸಿ ರಿಪೋರ್ಟ್ ಕೈಯಲ್ಲಿ ಹಿಡಿದ ಮೇಲೆ ಮುಹೂರ್ತ ಹುಡುಕುವುದಕ್ಕೆ ಏನನ್ನೋಣ?

ರಾಮನಗರದ ಕಡೆ ಗೂಡು ಬಿಚ್ಚುವ ಕಾಯಕದ ಒಬ್ಬ ಹಿರಿಯರು. ಕೊರಳಲ್ಲಿ ಇಷ್ಟಲಿಂಗ, ಗೋಡೆಯಲ್ಲಿ ಬಸವಣ್ಣನವರ ಪಟ. ಜ್ಯೇಷ್ಠದಲ್ಲಿ ರೋಗ ಪತ್ತೆಯಾಯಿತು. ಆಷಾಢದಲ್ಲಿ ಬೇಡ ಎಂದರು ಅಣ್ಣತಮ್ಮಂದಿರು. ಶ್ರಾವಣದಲ್ಲಿ ಮಗನ ಜಾತಕ ಸರಿಯಿಲ್ಲ ಎಂದರು ಇನ್ಯಾರೋ. ಆಮೇಲೆ ಪಿತೃಪಕ್ಷ ಬಂತು. ಆಪರೇಷನ್ ಆಗಿದ್ದು ನವರಾತ್ರಿ ಕಳೆದ ಮೇಲೆ. ಗಡ್ಡೆ ಕೊಬ್ಬಿಗೆ ಇಳಿದಿತ್ತು, ಎರಡು ಗಂಟುಗಳಲ್ಲಿ ರೋಗವಿತ್ತು. ಆಷಾಢ ಕಾದಿದ್ದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ, ಒಬ್ಬರ ವಿಷಯದಲ್ಲಿ ಹಾಗೆ ಯಾರೂ ಹೇಳಲಾರರು. ನೂರಾರು ಜನರ ವಿಷಯದಲ್ಲಿ ಹೇಳಬಹುದು: ಮಾಂಸಖಂಡಕ್ಕೆ ಇಳಿದ ರೋಗ ಪತ್ತೆಯಾದ ಮೇಲೆ ಹನ್ನೆರಡು ವಾರಕ್ಕಿಂತ ಹೆಚ್ಚು ಸುಮ್ಮನೆ ಕಾದವರಲ್ಲಿ ಫಲಿತಾಂಶ ಕೆಡುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಶುಭ ಅಶುಭ ಎಂಬ ಭೇದವನ್ನು ಹನ್ನೆರಡನೇ ಶತಮಾನದಲ್ಲೇ ಶರಣರು ಕಿತ್ತೆಸೆದರು ಎಂದು ಬಸವ ಜಯಂತಿಯಲ್ಲಿ ಭಾಷಣ ಮಾಡುವ ನಾವು ಬಯಾಪ್ಸಿ ರಿಪೋರ್ಟನ್ನು ಪಂಚಾಂಗದ ಕೆಳಗೆ ಇಡುತ್ತೇವೆ.

ಕಾಯುವ ಕಾಲ ಎಂದರೆ ಸುಮ್ಮನೆ ಕಾಯುವ ಕಾಲ. ಆಪರೇಷನ್ನಿಗೆ ಮುಂಚೆ ಕೀಮೋ ಕೊಡುವುದಾದರೆ ಅದು ಬೇರೆ, ಅದೇ ಚಿಕಿತ್ಸೆ. 2003ರಲ್ಲಿ ಪ್ರಕಟವಾದ, 307 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಮೆರಿಕದ ಪರೀಕ್ಷೆಯಲ್ಲಿ, ಬರೀ ಆಪರೇಷನ್ ಆದ ಗುಂಪಿನ ಅರ್ಧದಷ್ಟು ಜನ 46 ತಿಂಗಳು ದಾಟಿದ್ದರು. ಮೊದಲು ಕೀಮೋ ತೆಗೆದುಕೊಂಡ ಗುಂಪಿನ ಅರ್ಧದಷ್ಟು ಜನ 77 ತಿಂಗಳು ದಾಟಿದ್ದರು. ಕಿಡ್ನಿ ಸರಿಯಿಲ್ಲದವರಿಗೆ ಆ ಔಷಧಿ ಕೊಡಲಾಗದು. "ಕೀಮೋ ಅಂದ್ರೆ ಕೂದಲು ಉದುರ್ತದೆ, ಬೇಡ" ಎಂದು ಎದ್ದು ಬರುವವರು ಈ ಎರಡು ಸಂಖ್ಯೆಗಳನ್ನು ಕೇಳಿಸಿಕೊಂಡು ಆಮೇಲೆ ಏಳಲಿ.

ವಯಸ್ಸಾಯಿತು, ಇನ್ನು ಯಾಕೆ ಕೊಯ್ಯಿಸುವುದು ಎನ್ನುವವರೂ ಇದ್ದಾರೆ. ವಯಸ್ಸು ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಹುಟ್ಟಿದ ವರ್ಷಕ್ಕಿಂತ ಹೃದಯ, ಕಿಡ್ನಿ, ಸಕ್ಕರೆ, ರಕ್ತದ ಪ್ರಮಾಣ, ತಿಂದ ಅನ್ನ ಮೈಗೆ ಹತ್ತಿದೆಯೇ ಎಂಬುದನ್ನು ಡಾಕ್ಟರು ಹೆಚ್ಚು ನೋಡುತ್ತಾರೆ. ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳಿಗೆ 2018ರ ಡಿಸೆಂಬರಿನಲ್ಲಿ, 111ರ ವಯಸ್ಸಿನಲ್ಲಿ, ಚೆನ್ನೈನಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ರೋಗ ಬೇರೆ, ಮರುತಿಂಗಳೇ ಪೂಜ್ಯರು ಲಿಂಗೈಕ್ಯರಾದರು, ಅದು ಗೊತ್ತಿದೆ. ನಾನು ಹೇಳುವುದು ಇಷ್ಟೇ: ಅಂಥ ವಯಸ್ಸಿನಲ್ಲೂ ವೈದ್ಯರು ದೇಹವನ್ನು ನೋಡಿ ನಿರ್ಧರಿಸಿದರೇ ಹೊರತು ಬರೀ ವಯಸ್ಸನ್ನು ನೋಡಿ ಕೈ ಚೆಲ್ಲಲಿಲ್ಲ. ಎಪ್ಪತ್ತಕ್ಕೇ ನಾವು ಕೈ ಚೆಲ್ಲುತ್ತೇವೆ.

ಇನ್ನು ಮುಚ್ಚಿಡುವ ವಿಷಯ. ಚನ್ನಪಟ್ಟಣದಲ್ಲಿ ಅರಗಿನ ಗೊಂಬೆ ಕಡೆಯುವ ಒಬ್ಬರಿಗೆ ಮಕ್ಕಳು ಆಪರೇಷನ್ ಆದ ಮೇಲೂ ರೋಗದ ಹೆಸರು ಹೇಳಿರಲಿಲ್ಲ. ಕಲ್ಲು ತೆಗೆದಿದ್ದು ಎಂದಿದ್ದರು. ಹೊಟ್ಟೆಯ ಮೇಲೆ ಚೀಲ ನೇತಾಡುತ್ತಿರುವ ಮನುಷ್ಯನಿಗೆ! ಅವರೇ ನನ್ನನ್ನು ಕೂರಿಸಿಕೊಂಡು ಕೇಳಿದರು, "ಮೇಷ್ಟ್ರೇ, ನನ್ನ ಮೈ ವಿಚಾರ ನನಗೊಬ್ಬನಿಗೇ ಗೊತ್ತಿಲ್ವಲ್ಲ, ಇದ್ಯಾವ ನ್ಯಾಯ?" ಮುಂದಿನ ತಪಾಸಣೆಯಲ್ಲಿ ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಕೇಳಿಕೊಂಡು ಬಂದವರು ಅಳಲಿಲ್ಲ. ಜಮೀನಿನ ಪಾಲು ಬರೆಸಿದರು, ಮೊಮ್ಮಗಳಿಗೆ ಲಿಂಗದೀಕ್ಷೆ ಮಾಡಿಸಿದರು, ನಲವತ್ತು ವರ್ಷದ ಬೀಡಿ ಬಿಟ್ಟರು. ಬೀಡಿಗೂ ಮೂತ್ರಕೋಶಕ್ಕೂ ಏನು ಸಂಬಂಧ ಎಂದು ಅಚ್ಚರಿಪಡುವವರಿಗೆ: ಹೊಗೆಯ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಈ ಕ್ಯಾನ್ಸರಿನ ಸುಮಾರು ಅರ್ಧ ಪಾಲು ಹೊಗೆಸೊಪ್ಪಿನಿಂದಲೇ.

ಸಂಖ್ಯೆಯನ್ನು ತಪ್ಪಾಗಿ ಹಿಡಿಯುವ ಅಪಾಯವೂ ಇದೆ. 35 ಎಂದ ಕೂಡಲೇ "ಡಾಕ್ಟರು ಆಗಲ್ಲ ಅಂದ್ರು" ಎಂದು ಊರಿಗೆ ಸುದ್ದಿ ಮುಟ್ಟಿಸುತ್ತಾರೆ. ನೂರರಲ್ಲಿ 35 ಜನ ಎಂದರೆ 35 ಮನೆಗಳು. ನೀವು ಯಾವ ಗುಂಪಿನಲ್ಲಿ ನಿಲ್ಲುತ್ತೀರಿ ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಈ ಪಟ್ಟಿಗಳನ್ನು ಮಾಡಿದ್ದು ಹೆಚ್ಚಾಗಿ ಅಮೆರಿಕ, ಯುರೋಪಿನವರ ವಿವರದಿಂದ. ಈಜಿಪ್ಟಿನ ನೈಲ್ ನದಿಯ ಬಯಲಿನ ರೈತರಲ್ಲಿ ನೀರಿನ ಹುಳುವಿನಿಂದ ಬರುತ್ತಿದ್ದ ಮೂತ್ರಕೋಶದ ಕ್ಯಾನ್ಸರಿನ ಸ್ವಭಾವವೇ ಬೇರೆಯಾಗಿತ್ತು. ನಮ್ಮ ಜನರ ಲೆಕ್ಕ ನಮ್ಮಲ್ಲೇ ಆಗಬೇಕು. ಅದಕ್ಕೆ ಆಪರೇಷನ್ ಆದವರು ತಪಾಸಣೆಗೆ ತಪ್ಪದೆ ಹೋಗಬೇಕು. ಚೀಲ ಹಾಕಿಸಿಕೊಂಡು ಊರು ಸೇರಿದವರು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತದಿದ್ದರೆ, ಬದುಕಿದರೋ ಇಲ್ಲವೋ ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಚೀಲದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕರುಳಿನ ಸಣ್ಣ ತುಂಡಿನಿಂದ ದಾರಿ ಮಾಡಿ ಮೂತ್ರವನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ಬಿಡುತ್ತಾರೆ. ಕೆಲವರಿಗೆ ಕರುಳಿನಿಂದಲೇ ಹೊಸ ಕೋಶ ಕಟ್ಟುತ್ತಾರೆ. ಚೀಲವಿದ್ದರೆ ಇಷ್ಟಲಿಂಗ ಪೂಜೆಗೆ ಕೂರಬಹುದೇ, ದಾಸೋಹದ ಪಂಕ್ತಿಗೆ ಬರಬಹುದೇ ಎಂದು ಅನುಮಾನಪಟ್ಟು ಆಪರೇಷನ್ನನ್ನೇ ಬೇಡವೆಂದವರಿದ್ದಾರೆ. ಜನನ, ಮರಣ, ಜಾತಿ, ರಜಸ್ಸು, ಎಂಜಲು ಎಂಬ ಐದು ಸೂತಕಗಳನ್ನೂ ಕಳೆದ ಧರ್ಮಕ್ಕೆ ಆರನೆಯದನ್ನು ಹಚ್ಚಬೇಡಿ. ಮಠಾಧೀಶರು ಇದನ್ನು ಒಂದು ಸಲ ಬಹಿರಂಗವಾಗಿ, ವೇದಿಕೆಯ ಮೇಲೆ ಹೇಳಿದರೆ ಎಷ್ಟೋ ಜನರ ಆಯಸ್ಸಿನ ಲೆಕ್ಕ ಬದಲಾಗುತ್ತದೆ.

ಮಠಗಳಲ್ಲಿ ತಿಂಗಳಿಗೊಮ್ಮೆ ನಡೆಯುವ ಅನುಭಾವ ಗೋಷ್ಠಿಯ ನಂತರ ಅರ್ಧ ಗಂಟೆ ಈ ಕೆಲಸಕ್ಕೆ ಕೊಡಿ ಎಂದು ಪೂಜ್ಯರಲ್ಲಿ ನನ್ನ ಬಿನ್ನಹ. ಕಿದ್ವಾಯಿ ಆಸ್ಪತ್ರೆಗೋ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಗೋ ಹೋಗುವವರಿಗೆ ಜೊತೆಗಾರರು ಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಅದರ ಕಾಗದಪತ್ರ ಮಾಡಿಸಿಕೊಡುವವರು ಬೇಕು. ರಿಪೋರ್ಟ್ ಬಂದ ದಿನ ರೋಗಿಯ ಪಕ್ಕ ಕೂತು, ಎಷ್ಟು ಆಳ, ಎಷ್ಟು ಗಂಟು, ಅಂಚು ಶುದ್ಧವೇ, ಮುಂದೆ ಕೀಮೋ ಬೇಕೇ, ಮುಂದಿನ ತಪಾಸಣೆ ಯಾವಾಗ ಎಂದು ಡಾಕ್ಟರನ್ನು ಕೇಳಿ ಬರೆದುಕೊಳ್ಳಲು ಅಕ್ಷರ ಬಲ್ಲವರು ಬೇಕು. ಕನಕಪುರದ ಕಡೆ ಇಬ್ಬರು ಯುವಕರು ಒಪ್ಪಿಕೊಂಡಿದ್ದಾರೆ. ಚನ್ನಪಟ್ಟಣದಿಂದ ಇನ್ನೂ ಯಾರೂ ಬಂದಿಲ್ಲ.