ಮುಚ್ಚಿದ ಜಾಲತಾಣ, ಬಳಸುದಾರಿ ಮತ್ತು ವ್ಯಾಪಾರಿಯ ಹಕ್ಕು

ವ್ಯಾಪಾರಕ್ಕೆ ದಾರಿ ಬೇಕು. ಹಿಂದೆ ಆ ದಾರಿ ಎಂದರೆ ರಸ್ತೆ, ರೈಲು, ಅಂಚೆ ಮತ್ತು ದೂರವಾಣಿ. ಈಗ ಅವುಗಳ ಸಾಲಿಗೆ ಅಂತರಜಾಲವೂ ಸೇರಿದೆ. ಚನ್ನರಾಯಪಟ್ಟಣದಿಂದ ಉತ್ತರ ಭಾರತಕ್ಕೆ ಹೊರಡುವ ಕೊಬ್ಬರಿ ಲಾರಿಗೆ ಇ-ವೇ ಬಿಲ್ ಬೇಕು. ಹಾಸನದ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗೆ ಟೆಂಡರಿನ ವಿವರ ಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಕೊಳ್ಳುವವರಿಗೆ ಹೊರದೇಶದ ಗಿರಾಕಿಯ ಬೇಡಿಕೆ ತಿಳಿಯಬೇಕು. ಇಂಥ ಹೊತ್ತಿನಲ್ಲಿ ಬೇಕಾದ ಜಾಲತಾಣವನ್ನು ಸಂಪರ್ಕ ನೀಡುವ ಸಂಸ್ಥೆಯೇ ತಡೆದಿದ್ದರೆ ವ್ಯಾಪಾರಿ ಮಾಡಬೇಕಾದುದೇನು? ಯಾವುದಾದರೊಂದು ಬಳಸುದಾರಿ ಹಿಡಿದು ಅಂದಿನ ಕೆಲಸ ಮುಗಿಸಿಕೊಂಡು, ತಡೆಯ ವಿಷಯವನ್ನು ಅಲ್ಲಿಗೇ ಮರೆತುಬಿಡುವುದು ಸಾಮಾನ್ಯ ರೂಢಿ. ಈ ರೂಢಿಯ ಲಾಭ ನಷ್ಟವನ್ನು ಲೆಕ್ಕ ಹಾಕಿ ನೋಡಬೇಕಾಗಿದೆ.

ಸಮಸ್ಯೆ ಹೊಸದಲ್ಲ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿತು. ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ, ಸಂಖ್ಯೆ ತಿರುಗಿಸಿ ಸಂಪರ್ಕ ಪಡೆಯುವ ಡಯಲ್‌ಅಪ್ ಕಾಲವದು. ಹೊರದೇಶದ ದೂರವಾಣಿ ಕರೆಯೂ ಅಂದು ಅದೇ ನಿಗಮದ ಏಕಸ್ವಾಮ್ಯವಾಗಿತ್ತು. ಅಂತರಜಾಲದ ಮೂಲಕ ಕಡಿಮೆ ಖರ್ಚಿನಲ್ಲಿ ಮಾತನಾಡುವ ಸೌಲಭ್ಯ ನೀಡುತ್ತಿದ್ದ ತಾಣಗಳನ್ನು ನಿಗಮವು ತಡೆಯಿತು. 2002ರ ಏಪ್ರಿಲ್‌ನಲ್ಲಿ ಏಕಸ್ವಾಮ್ಯ ಕೊನೆಗೊಂಡು ಅಂತರಜಾಲ ದೂರವಾಣಿಗೆ ಅನುಮತಿ ದೊರೆಯುವವರೆಗೂ ಇದೇ ಸ್ಥಿತಿ. ಅಷ್ಟೂ ಕಾಲ ಕಾಫಿ ರಫ್ತುದಾರನು ದುಬಾರಿ ಐಎಸ್‌ಡಿ ದರವನ್ನೇ ತೆರಬೇಕಾಯಿತು. ಸೇವೆ ನೀಡುವವನ ವರಮಾನ ರಕ್ಷಣೆಗಾಗಿ ಗ್ರಾಹಕನ ದಾರಿ ಮುಚ್ಚಿದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಎರಡನೆಯ ಬಗೆಯ ತಡೆ ಸರ್ಕಾರದ ಆದೇಶದಿಂದ ಬರುವಂಥದು. 1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ ಪಾಕಿಸ್ತಾನದ ‘ಡಾನ್’ ಪತ್ರಿಕೆಯ ತಾಣವನ್ನು ತಡೆಯಲಾಯಿತು. ಅದರ ಓದುಗರು ಬೇರೊಂದು ದೇಶದ ಪ್ರಾಕ್ಸಿ ತಾಣದ ಮೂಲಕ ಹಾದು ಅದೇ ಪತ್ರಿಕೆಯನ್ನು ಓದಿದರು. ರಾಷ್ಟ್ರದ ಭದ್ರತೆಗಾಗಿ ಇಂಥ ಅಧಿಕಾರ ಸರ್ಕಾರದ ಕೈಯಲ್ಲಿರಬೇಕೆಂಬುದನ್ನು ಯಾರೂ ಸುಲಭವಾಗಿ ಅಲ್ಲಗಳೆಯಲಾರರು.

ವ್ಯಾಪಾರಿಗೆ ಹೆಚ್ಚು ಹೊಡೆತ ಕೊಡುವುದು ಮೂರನೆಯ ಬಗೆ, ಅಂದರೆ ಆದೇಶ ಮೀರಿದ ತಡೆ. 2003ರ ಸೆಪ್ಟೆಂಬರ್‌ನಲ್ಲಿ ಮೇಘಾಲಯದ ಪ್ರತ್ಯೇಕತಾವಾದಿಗಳಿಗೆ ಸಂಬಂಧಿಸಿದ ಒಂದೇ ಒಂದು ಯಾಹೂ ಗುಂಪನ್ನು ತಡೆಯುವಂತೆ ಆದೇಶವಾಯಿತು. ಆ ಒಂದನ್ನು ಮಾತ್ರ ಬೇರ್ಪಡಿಸಲಾಗದ ಸಂಪರ್ಕ ಸಂಸ್ಥೆಗಳು ಯಾಹೂ ಗುಂಪುಗಳೆಲ್ಲವನ್ನೂ ಮುಚ್ಚಿಬಿಟ್ಟವು. 2006ರ ಜುಲೈನಲ್ಲಿ ಮುಂಬಯಿ ರೈಲು ಸ್ಫೋಟಗಳಾದ ಬಳಿಕ ಕೆಲವೇ ಪುಟಗಳನ್ನು ತಡೆಯಲು ಹೇಳಿದಾಗ ಬ್ಲಾಗ್‌ಸ್ಪಾಟ್‌ನಂಥ ಇಡೀ ತಾಣಗಳೇ ದೇಶದ ಅನೇಕ ಕಡೆ ಕಾಣದಾದವು. ಹೆಸರಿಸಿದ ಪುಟಗಳನ್ನಷ್ಟೇ ತಡೆಯಬೇಕೆಂದು ದೂರಸಂಪರ್ಕ ಇಲಾಖೆಯೇ ಮತ್ತೆ ತಿಳಿಸಬೇಕಾಯಿತು. ನೆಗಡಿ ಬಂತೆಂದು ಮೂಗನ್ನೇ ಕೊಯ್ದಂತಾದ ಈ ಕ್ರಮದಿಂದ ಏನೂ ತಪ್ಪು ಮಾಡದವರೂ ತೊಂದರೆ ಅನುಭವಿಸಿದರು. ಡಯಲ್‌ಅಪ್ ಕಾಲ ಮುಗಿದ ಮೇಲೂ ಈ ದೋಷ ಹೋಗಲಿಲ್ಲ. 2014ರ ಡಿಸೆಂಬರ್‌ನಲ್ಲಿ ತಡೆಯಲಾದ 32 ತಾಣಗಳಲ್ಲಿ ತಂತ್ರಾಂಶ ಉದ್ಯಮವು ನಿತ್ಯ ಬಳಸುವ ಗಿಟ್‌ಹಬ್ ಕೂಡ ಇತ್ತು.

ಡಯಲ್‌ಅಪ್ ಕಾಲದಲ್ಲಿ ಬಳಸುದಾರಿಯ ಖರ್ಚು ಕಣ್ಣಿಗೆ ಕಾಣುತ್ತಿತ್ತು. ಹೊಳೆನರಸೀಪುರ ಅಥವಾ ಅರಕಲಗೂಡಿನಂಥ ಊರಿನಲ್ಲಿ ಸ್ಥಳೀಯ ಕರೆಯ ದರಕ್ಕೆ ದೊರೆಯುವ ಸಂಪರ್ಕದಲ್ಲಿ ಹೆಚ್ಚಿನ ಆಯ್ಕೆ ಇರಲಿಲ್ಲ. ಬೆಂಗಳೂರಿನ ಮತ್ತೊಂದು ಸಂಸ್ಥೆಗೆ ಎಸ್‌ಟಿಡಿ ಕರೆ ಮಾಡಿ ಅಂತರಜಾಲ ನೋಡುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಇಂದು ಉಚಿತ ಪ್ರಾಕ್ಸಿ ತಾಣಗಳೂ ಉಚಿತ ವಿಪಿಎನ್‌ಗಳೂ ಬೇಕಾದಷ್ಟಿವೆ. ಖರ್ಚು ಕಾಣದಿರುವುದರಿಂದ ಖರ್ಚೇ ಇಲ್ಲವೆಂಬ ಭ್ರಮೆ ಮೂಡುತ್ತದೆ. ವಾಸ್ತವದಲ್ಲಿ ಅಪರಿಚಿತ ಪ್ರಾಕ್ಸಿ ತಾಣದ ಮೂಲಕ ಬ್ಯಾಂಕಿನ ಅಥವಾ ಜಿಎಸ್‌ಟಿಯ ಗುಪ್ತಪದವನ್ನು ಟೈಪ್ ಮಾಡುವುದೆಂದರೆ ತಿಜೋರಿಯ ಕೀಲಿಕೈಯನ್ನು ದಾರಿಹೋಕನ ಕೈಗೆ ಕೊಟ್ಟಂತೆ. ಹೊರದೇಶದ ವಿಳಾಸದಿಂದ ಬಂದ ಸಂಪರ್ಕಕ್ಕೆ ಸರ್ಕಾರಿ ತಾಣಗಳು ತೆರೆಯದಿರುವುದೂ ಉಂಟು. ವಿಪಿಎನ್ ಬಳಕೆಯೇ ಅಪರಾಧವೆಂದು ಇದರರ್ಥವಲ್ಲ. ದೊಡ್ಡ ಕಂಪನಿಗಳು ತಮ್ಮ ಶಾಖೆಗಳನ್ನು ಜೋಡಿಸಲು ಅದನ್ನೇ ಬಳಸುತ್ತವೆ. ಯಾರು ನಡೆಸುತ್ತಾರೆಂದು ತಿಳಿಯದ ಉಚಿತ ಸೇವೆಯ ಮೇಲೆ ವ್ಯವಹಾರವನ್ನು ನಿಲ್ಲಿಸುವುದು ಮಾತ್ರ ಅವಿವೇಕ.

‘ಲಾರಿ ಬಾಗಿಲಲ್ಲಿ ನಿಂತಿರುವಾಗ ದೂರು ಬರೆಯುತ್ತ ಕೂರಲಾದೀತೇ?’ ಎಂಬ ಪ್ರಶ್ನೆ ಸಹಜ. ಕೂರಬೇಕಾಗಿಲ್ಲ. ಕಾನೂನುಬದ್ಧವಾದ ಪರ್ಯಾಯ ದಾರಿಗಳಿವೆ. ಬೇರೊಂದು ಸಂಸ್ಥೆಯ ಮೊಬೈಲ್ ಸಂಪರ್ಕದಿಂದ ಅದೇ ತಾಣವನ್ನು ತೆರೆದು ನೋಡುವುದು ಮೊದಲ ಹೆಜ್ಜೆ. ಅಲ್ಲಿ ತೆರೆದರೆ ಕೆಲಸವೂ ಆಯಿತು, ಅಡಚಣೆ ಇರುವುದು ಮೊದಲ ಸಂಸ್ಥೆಯ ಬಳಿ ಎಂಬ ಸುಳಿವೂ ಸಿಕ್ಕಿತು. ಇ-ವೇ ಬಿಲ್ಲನ್ನು ಮುಂಚಿತವಾಗಿ ನೋಂದಾಯಿಸಿದ ಮೊಬೈಲ್‌ನಿಂದ ಎಸ್‌ಎಂಎಸ್ ಮೂಲಕವೂ ಪಡೆಯುವ ವ್ಯವಸ್ಥೆ ಮಾಡಲಾಗಿದೆ. 2025ರ ಜುಲೈನಿಂದ ಎರಡನೆಯ ಇ-ವೇ ಬಿಲ್ ತಾಣವೂ ಬಂದಿದೆ. ಇವುಗಳ ನೋಂದಣಿಯನ್ನು ಬಿಡುವಿನ ದಿನವೇ ಮುಗಿಸಿಟ್ಟುಕೊಂಡ ವ್ಯಾಪಾರಿಗೆ ಅಪರಿಚಿತ ಪ್ರಾಕ್ಸಿಯ ಹಂಗಿಲ್ಲ.

ಆದರೆ ಕೆಲಸ ಮುಗಿದೊಡನೆ ವಿಷಯವೂ ಮುಗಿಯಿತೆಂದು ಭಾವಿಸುವುದು ಸಲ್ಲದು. ಡಯಲ್‌ಅಪ್ ಕಾಲದ ಗ್ರಾಹಕನಿಗೆ ಇಲ್ಲದಿದ್ದ ಬಲ ಇಂದಿನ ಗ್ರಾಹಕನಿಗಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮು ಮತ್ತು 2009ರ ನಿಯಮಗಳು ಸರ್ಕಾರ ಯಾವ ಕಾರಣಕ್ಕೆ, ಯಾವ ಕ್ರಮದಲ್ಲಿ ತಡೆಯಬಹುದೆಂಬುದನ್ನು ನಿಗದಿಪಡಿಸಿವೆ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯುವಾಗ ಅದರಲ್ಲಿರುವ ರಕ್ಷಣೆಗಳನ್ನೇ ಆಧಾರವಾಗಿಟ್ಟುಕೊಂಡಿತು. 2018ರಲ್ಲಿ ತಿದ್ದುಪಡಿಯಾದ ಪರವಾನಗಿ ಷರತ್ತುಗಳಂತೆ ಸಂಪರ್ಕ ಸಂಸ್ಥೆಯು ತನ್ನ ಲಾಭಕ್ಕಾಗಿ ತಾಣವೊಂದನ್ನು ತಡೆದು ತಾರತಮ್ಯ ಮಾಡುವಂತಿಲ್ಲ. 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಅಂತರಜಾಲದ ಮೂಲಕ ನಡೆಸುವ ವ್ಯಾಪಾರ ವೃತ್ತಿಗಳಿಗೂ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆ ಇದೆಯೆಂದು ಘೋಷಿಸಿತು. ವ್ಯಾಪಾರಿ ವರ್ಗ ಈ ತೀರ್ಪನ್ನು ತನ್ನದೆಂದು ಗುರುತಿಸಬೇಕು.

ಹಕ್ಕು ಕಾಗದದಲ್ಲಿದ್ದರೆ ಸಾಲದು, ಕೇಳುವವರು ಬೇಕು. ತಡೆಯಾದ ದಿನ, ವೇಳೆ ಮತ್ತು ಪರದೆಯ ಮೇಲೆ ಕಂಡ ಸಂದೇಶವನ್ನು ದಾಖಲಿಸಿಕೊಂಡು ಸಂಸ್ಥೆಗೆ ದೂರು ನೀಡಿ, ದೂರಿನ ಸಂಖ್ಯೆ ಪಡೆಯಬೇಕು. ‘ಇದು ಸರ್ಕಾರದ ಆದೇಶದಂತೆ ಮಾಡಿದ ತಡೆಯೋ, ಅಲ್ಲವೋ?’ ಎಂಬ ಒಂದೇ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೇಳಬೇಕು. 2009ರ ನಿಯಮಗಳು ತಡೆಯ ದೂರು ಮತ್ತು ಕ್ರಮಗಳನ್ನು ಗೋಪ್ಯವಾಗಿಡಲು ಹೇಳುವುದರಿಂದ ಕಾರಣವೆಲ್ಲ ತಿಳಿಯದೇ ಹೋಗಬಹುದು. ಆದರೂ ಸಂಸ್ಥೆಯದೇ ತಪ್ಪಾಗಿದ್ದಲ್ಲಿ ಅದು ಹೊರಬೀಳುತ್ತದೆ. ಉತ್ತರ ಸಮಾಧಾನಕರವಲ್ಲದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರವಿದೆ. ಆದೇಶದಂತೆ ತಡೆದ ತಾಣವಾಗಿದ್ದರೆ ಅದನ್ನು ಗೌರವಿಸಿ, ಪೂರೈಕೆದಾರನಿಂದ ಮಾಹಿತಿಯನ್ನು ನೇರವಾಗಿ ತರಿಸಿಕೊಳ್ಳುವುದೇ ಲೇಸು.

ಒಬ್ಬ ವರ್ತಕನ ದೂರು ಕಡತದಲ್ಲಿ ಉಳಿದೀತು. ಆದರೆ ನಾಲ್ಕು ತಾಲ್ಲೂಕುಗಳ ಇಪ್ಪತ್ತು ದೂರುಗಳು ದಿನಾಂಕ ಸಮೇತ ಒಂದೇ ಪತ್ರದಲ್ಲಿ ಬಂದರೆ ಅವನ್ನು ಕಡೆಗಣಿಸುವುದು ಕಷ್ಟ. ವಾಣಿಜ್ಯ ಸಂಸ್ಥೆಯು ತನ್ನ ಕಚೇರಿಯಲ್ಲಿ ಇದಕ್ಕಾಗಿ ಒಂದು ದಾಖಲೆ ಪುಸ್ತಕ ತೆರೆದು, ಸದಸ್ಯರ ದೂರುಗಳನ್ನು ಪ್ರತಿ ತಿಂಗಳು ಕ್ರೋಡೀಕರಿಸಿ, ಸಂಪರ್ಕ ಸಂಸ್ಥೆಗಳಿಗೂ ದೂರಸಂಪರ್ಕ ಇಲಾಖೆಯ ಬೆಂಗಳೂರು ಕಚೇರಿಗೂ ಕಳುಹಿಸುವುದು ಉಚಿತ. ಬಳಸುದಾರಿಯಿಂದ ಒಬ್ಬನ ಒಂದು ದಿನದ ಕೆಲಸ ಸಾಗುತ್ತದೆ, ಮುಚ್ಚಿದ ದಾರಿ ಮುಚ್ಚಿಯೇ ಇರುತ್ತದೆ. ದಾರಿಯನ್ನು ತೆರೆಸಬೇಕಾದರೆ ಸದಸ್ಯರು ಸಂಘಟಿತರಾಗಿ ಕೇಳಬೇಕು.